ಮೊದಲ ಸಾಲಿನ ಶ್ರೀ

ನಾನು ಕೀಬೋರ್ಡಿನ ಮುಂದೆ ಕೂತು ಓಡಿಸಿದರೆ ಸ್ಕ್ರಿಪ್ಟು ಓಡುತ್ತದೆ. ಎದ್ದು ಹೋಗಿ, ಇನ್ನು ನೀನೇ ಓಡಿಕೋ ಎಂದರೆ ಓಡುವುದಿಲ್ಲ. ಆಂಧ್ರದ ಗಡಿಯೂರು ರಾಯದುರ್ಗದ ಒಂದು ಜೀನ್ಸ್ ಹೊಲಿಗೆ ಯೂನಿಟ್ಟಿನಲ್ಲಿ ಒಂದು ವಾರ ನನ್ನ ತಲೆ ತಿಂದ ಸಂಗತಿ ಇಷ್ಟೇ. ಕೇಳಿದವರಿಗೆ ಸಣ್ಣದು ಅನ್ನಿಸಬಹುದು. ಆದರೆ ಅದರ ಮೇಲೆ ಒಬ್ಬ ಹೆಣ್ಣುಮಗಳ ಕೆಲಸ ನಿಂತಿತ್ತು.

ಆಕೆ ಆ ಯೂನಿಟ್ಟಿನ ಮಹಡಿಯ ಮೇಲಿನ ಪ್ಯಾಟರ್ನ್ ರೂಮಿನ ಆಪರೇಟರ್. ಮಡಕಶಿರಾ ಕಡೆಯ ರತ್ನಗಿರಿಯವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದ ಹೊಸದರಲ್ಲಿ ಹೊಲಿಗೆ ಲೈನಿನಲ್ಲಿ ಪ್ಯಾಂಟಿಗೆ ಜೇಬು ಕೂರಿಸುತ್ತಿದ್ದಳಂತೆ. ಆಮೇಲೆ ಹಟ ಹಿಡಿದು ಕಂಪ್ಯೂಟರ್ ಕಲಿತು ಈ ರೂಮಿಗೆ ಬಂದಳು. ಪ್ಯಾಂಟಿನ ಮುಂಭಾಗ, ಹಿಂಭಾಗ, ಸೊಂಟದ ಪಟ್ಟಿ, ಜೇಬು ಎಲ್ಲವನ್ನೂ ಬಟ್ಟೆಯ ಅಗಲದಲ್ಲಿ ಚಿಂದಿ ಉಳಿಯದಂತೆ ಪರದೆಯ ಮೇಲೆ ಹೊಂದಿಸಿ ಕೂರಿಸುವುದು ಅವಳ ಕೆಲಸ. ಹಾಗೆ ಹೊಂದಿಸಿದ್ದನ್ನು ಪ್ಲಾಟರ್ ಎಂಬ ಮಿಷಿನ್ನು ಉದ್ದನೆಯ ಕಾಗದದ ಮೇಲೆ ಗೆರೆ ಎಳೆದು ಕೊಡುತ್ತದೆ. ಆ ಕಾಗದಕ್ಕೆ ಮಾರ್ಕರ್ ಎನ್ನುತ್ತಾರೆ. ಕಟಿಂಗ್ ಮಾಸ್ಟರ್ ಅದನ್ನು ಅಡಕಿಲು ಹಾಸಿದ ಬಟ್ಟೆಯ ಮೇಲೆ ಹರಡಿ ಗೆರೆಗುಂಟ ಕತ್ತರಿಸುತ್ತಾರೆ. ಮಾರ್ಕರ್ ಬಾರದಿದ್ದರೆ ಕಟಿಂಗ್ ನಿಲ್ಲುತ್ತದೆ, ಅದರ ಹಿಂದೆಯೇ ಹೊಲಿಗೆಯೂ ನಿಲ್ಲುತ್ತದೆ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ. ಯಾರ್ಯಾರದೋ ಪೆನ್ ಡ್ರೈವಿನಿಂದ ಬಂದ ವೈರಸ್ಸು ಪ್ಯಾಟರ್ನ್ ರೂಮಿನ ಕಂಪ್ಯೂಟರನ್ನು ಪದೇ ಪದೇ ಕೆಡಿಸುತ್ತಿತ್ತು. ಬೇಸತ್ತು ಅದಕ್ಕೆ ಲಿನಕ್ಸ್ ಹಾಕಿಕೊಟ್ಟವನು ನಾನು. ಪ್ಲಾಟರಿಗೆ ಚಿತ್ರ ಕಳಿಸಲು ಒಂದು ಸ್ಕ್ರಿಪ್ಟು ಬರೆದೆ. ಸ್ಕ್ರಿಪ್ಟು ಎಂದರೆ ಭಾರಿ ವಿದ್ಯೆಯೇನಲ್ಲ, ಒಂದರ ಹಿಂದೊಂದು ಆಗಬೇಕಾದ ಕೆಲಸಗಳನ್ನು ಸಾಲುಸಾಲಾಗಿ ಬರೆದಿಟ್ಟ ಫೈಲು. ಕರಿ ಪರದೆಯಲ್ಲಿ bash ಎಂದು ಹೊಡೆದು ಮುಂದೆ ಆ ಫೈಲಿನ ಹೆಸರು ಕೊಟ್ಟರೆ, ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಓದಿ ಮಾಡುತ್ತಾ ಹೋಗುತ್ತದೆ. ಆಕೆ ಅದನ್ನು ಬೇಗ ಕಲಿತಳು. ಹೊಸ ಸೈಜು, ಹೊಸ ಬಟ್ಟೆ ಅಗಲ ಬಂದಾಗ ತಾನೇ ತಿದ್ದುತ್ತಿದ್ದಳು. ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಆ ಸಾಲನ್ನು ಮಿಷಿನ್ನು ಓದುವುದಿಲ್ಲ, ನಿನ್ನ ನೆನಪಿಗೆ ಏನು ಬೇಕಾದರೂ ಬರೆದುಕೋ ಎಂದು ಹೇಳಿಕೊಟ್ಟಿದ್ದೆ. ಆಕೆ ಕನ್ನಡದಲ್ಲೇ ಬರೆದುಕೊಂಡಿದ್ದಳು, ಇದು ಸೊಂಟದ್ದು, ಇದು ತೊಡೆಯದ್ದು, ಇದನ್ನು ಮುಟ್ಟಬೇಡ ಎಂದು.

ಈಗ ಆಕೆ ಬಸುರಿ. ಹಿಂದೆ ಎರಡು ಸಲ ಕೈತಪ್ಪಿತ್ತು. ಈ ಸಲ ಡಾಕ್ಟರಮ್ಮ ಮಹಡಿ ಹತ್ತಿ ಇಳಿಯುವುದು ಬೇಡ, ಆದಷ್ಟು ಬೇಗ ತವರಿಗೆ ಹೋಗಿ ಕೂತುಬಿಡು ಎಂದಿದ್ದರು. ಹೆರಿಗೆ, ಬಾಣಂತನ ಮುಗಿಸಿ ಬರುವಷ್ಟರಲ್ಲಿ ತಿಂಗಳುಗಳೇ ಆಗುತ್ತವೆ. ಅಷ್ಟರಲ್ಲಿ ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂತರೆ ಆಕೆಗೆ ಮತ್ತೆ ಹೊಲಿಗೆ ಲೈನೇ ಗತಿ. ಎಳೆಗೂಸಿನ ತಾಯಿ ದಿನವಿಡೀ ಪೆಡಲು ತುಳಿಯುವುದೆಲ್ಲಿ ಬಂತು? ಊರಿನಿಂದಲೇ ಮಾರ್ಕರ್ ಮಾಡಿ ಕಳಿಸುತ್ತೇನೆ ಎಂದು ಆಕೆ ಕೇಳಿಕೊಂಡಿದ್ದಳು. ಮಾಲೀಕರು ನನ್ನನ್ನು ಕರೆಸಿದರು.

"ನೋಡ್ರಿ, ಆಕಿನ್ನ ಬಿಡಾಕ ನನಗೂ ಮನಸ್ಸಿಲ್ಲ. ಆದ್ರ ಕುರ್ಚಿ ಖಾಲಿ ಇಟ್ಕೊಂಡು ಎಷ್ಟು ದಿನ ಕೂಡ್ಲಿ? ಬಳ್ಳಾರಿಯಿಂದ ಒಬ್ಬಾಕಿಗೆ ಸೋಮವಾರ ಬರಾಕ ಹೇಳೀನಿ. ಅಷ್ಟರಾಗ ಈಕಿ ಊರಾಗ ಕುಂತು ಕಳ್ಸಿದ್ದು ಇಲ್ಲಿ ಯಾರೂ ಮುಟ್ಟದಂಗ ತಾನಾಗೇ ಬಂತಂದ್ರ ಈಕೀನೇ ಇರ್ಲಿ. ಬರ್ಲಿಲ್ಲಂದ್ರ ಏಂ ಚೇದ್ದಾಂ, ಮೀರೇ ಚೆಪ್ಪಂಡಿ."

ಏನು ಮಾಡೋಣ, ನೀವೇ ಹೇಳಿ ಎಂದು ತೆಲುಗಿನಲ್ಲಿ ಮುಗಿಸಿದರು. ಸಂಕಟದ ಮಾತು ಬಂದಾಗ ನಮ್ಮ ಮಾಲೀಕರು ತೆಲುಗಿಗೆ ಹೊರಳುತ್ತಾರೆ. ಕೆಟ್ಟ ಮನುಷ್ಯರಲ್ಲ. ನಾನು, ಅದೇನು ಮಹಾ, ಮಾಡಿಕೊಡ್ತೀನಿ ಎಂದು ಜಂಬದಿಂದ ಹೇಳಿ ಬಂದೆ.

ಮೊದಲು ನನಗೆ ಹೊಳೆದದ್ದು ಎಲ್ಲರೂ ಮಾಡುವ ದಾರಿ. ಆಕೆ ತವರಿನಲ್ಲಿ ಕೂತು ತನ್ನ ಲ್ಯಾಪ್‌ಟಾಪಿನಿಂದ ssh ಎಂಬ ದಾರಿಯಲ್ಲಿ ರಾಯದುರ್ಗದ ಕಂಪ್ಯೂಟರಿನೊಳಕ್ಕೆ ಬಂದು, ಇಲ್ಲೇ ಕೂತವಳ ಹಾಗೆ ಸ್ಕ್ರಿಪ್ಟು ಓಡಿಸುವುದು. ರತ್ನಗಿರಿಗೆ ಹೋದ ಮರುದಿನವೇ ಆಕೆ ಓಡಿಸಿದಳು. ಪ್ಲಾಟರ್ ಚೆನ್ನಾಗಿಯೇ ಶುರುವಾಯಿತು. ಒಂದು ಕಾಲು ಪೂರ್ತಿ ಬರೆದು ಇನ್ನೊಂದು ಕಾಲಿನ ಮಂಡಿಯ ಹತ್ತಿರ ಬರುವಾಗ ಅಲ್ಲಿ ಮೊಬೈಲ್ ಸಿಗ್ನಲ್ ಹೋಯಿತು. ಸಂಪರ್ಕ ಕಡಿದರೆ ಅದರ ಜೊತೆ ಓಡುತ್ತಿದ್ದ ಸ್ಕ್ರಿಪ್ಟೂ ಸಾಯುತ್ತದೆ. ಕಟಿಂಗ್ ಮಾಸ್ಟರ್ ಬಂದು ಕಾಗದ ಎತ್ತಿ ಹಿಡಿದು ನೋಡಿದರು.

"ಏನ್ರಿ ಎಂಜಿನಿಯರ್ರ, ಒಂಟಿ ಕಾಲಿನ ಪ್ಯಾಂಟ್ ಹೊಲೀಬೇಕೇನ್ರಿ ನಾವು?"

ನಾನು ಎಂಜಿನಿಯರ್ ಅಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಕಾಗದ ಇಸಿದುಕೊಂಡು ಸುತ್ತಿ ಮೂಲೆಗಿಟ್ಟೆ.

ಸಂಪರ್ಕ ಕಡಿದರೂ ಸ್ಕ್ರಿಪ್ಟು ಬದುಕಿರುವಂತೆ ಮಾಡುವ ಉಪಾಯಗಳಿವೆ. ಆದರೆ ಆ ಊರಿನ ಸಿಗ್ನಲ್ಲಿಗೆ ಒಳಗೆ ಬರುವುದೇ ಒಂದು ಹರಸಾಹಸವಾಗಿತ್ತು. ಆಕೆ ಫೋನು ಹಿಡಿದು ಮನೆಯ ಮಾಳಿಗೆ ಹತ್ತುತ್ತಿದ್ದಾಳೆಂದು ಗೊತ್ತಾದಾಗ ನನಗೆ ಸಿಟ್ಟು ಬಂತು. ಮಹಡಿ ಹತ್ತಬೇಡ ಎಂದು ಊರಿಗೆ ಕಳಿಸಿದರೆ ಇವಳು ಸಿಗ್ನಲ್ಲಿಗಾಗಿ ಏಣಿ ಹತ್ತುತ್ತಿದ್ದಳು. ಫೋನಿನಲ್ಲೇ ಗದರಿದೆ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಎರಡನೆಯ ಯೋಜನೆ ಹೀಗಿತ್ತು. ಆಕೆ ತನ್ನ ಲ್ಯಾಪ್‌ಟಾಪಿನ ಒಂದು ಫೋಲ್ಡರಿಗೆ ಮಾರ್ಕರ್ ಹಾಕಿ ಬಿಟ್ಟರೆ ಸಾಕು. ಸಿಗ್ನಲ್ ಬಂದಾಗ ಬಂದಷ್ಟು ಅದು ತಾನಾಗಿ ರಾಯದುರ್ಗಕ್ಕೆ ಹರಿಯುತ್ತದೆ, ಹೋದಾಗ ನಿಂತು ಮತ್ತೆ ಮುಂದುವರಿಯುತ್ತದೆ. ಇಲ್ಲಿ ಫೈಲು ಪೂರ್ತಿ ಬಂದು ಇಳಿದ ಕೂಡಲೇ ಕಂಪ್ಯೂಟರೇ ಸ್ಕ್ರಿಪ್ಟನ್ನು ಓಡಿಸುತ್ತದೆ. ಕಾಯುವ ಈ ಕೆಲಸಕ್ಕೆ ಲಿನಕ್ಸಿನಲ್ಲಿ ಸರ್ವಿಸ್ ಎಂದು ಹೆಸರು. ಒಂದು ಸರ್ವಿಸ್ ಬರೆದು, ಸ್ಕ್ರಿಪ್ಟು ಎಲ್ಲಿದೆ ಎಂದು ತೋರಿಸಿ ಕೂತೆ. ರತ್ನಗಿರಿಯಿಂದ ಫೈಲು ಬಂದು ಇಳಿಯಿತು. ಪ್ಲಾಟರ್ ಮಿಸುಕಲಿಲ್ಲ.

ಮಿಷಿನ್ನು ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ತೆಗೆದು ನೋಡಿದರೆ ಅನುಮತಿ ಇಲ್ಲ ಎಂದಿತ್ತು. ಇದು ಹಳೆಯ ಪರಿಚಯದ ತಕರಾರು. ಲಿನಕ್ಸಿನಲ್ಲಿ ಫೈಲನ್ನು ಓದಲು ಒಂದು ಅನುಮತಿ, ಬರೆಯಲು ಒಂದು, ಓಡಿಸಲು ಇನ್ನೊಂದು. ನಾವು ಕೈಯಿಂದ ಓಡಿಸುವಾಗ ಓಡುವುದು bash, ಅದು ನಮ್ಮ ಫೈಲನ್ನು ಬರೀ ಓದುತ್ತದೆ, ಹಾಗಾಗಿ ಆ ಮೂರನೆಯ ಅನುಮತಿ ಇಷ್ಟು ದಿನ ಬೇಕಾಗಿರಲಿಲ್ಲ. chmod +x ಎಂದು ಹೊಡೆದು ಅದನ್ನೂ ಕೊಟ್ಟೆ. ಇನ್ನೇನು ಮುಗಿಯಿತು ಎಂದು ಚಹಾ ತರಿಸಿದೆ. ಚಹಾ ಬಂತು, ಮಾರ್ಕರ್ ಬರಲಿಲ್ಲ.

ಈ ಸಲ ಲಾಗಿನಲ್ಲಿ ಇದ್ದದ್ದು Exec format error. ಓಡಿಸಲು ಕೊಟ್ಟದ್ದರ ರೂಪವೇ ಸರಿಯಿಲ್ಲ ಎಂದು ಅರ್ಥ. ಸಾಮಾನ್ಯವಾಗಿ ಒಂದು ಬಗೆಯ ಪ್ರೊಸೆಸರಿಗೆ ಮಾಡಿದ ಪ್ರೋಗ್ರಾಮನ್ನು ಬೇರೆ ಬಗೆಯದರ ಮೇಲೆ ಓಡಿಸಿದರೆ ಈ ಮಾತು ಬರುತ್ತದೆ. ನನ್ನ ತಲೆ ಸೀದಾ ಅತ್ತ ಹೋಯಿತು. ಚಿತ್ರವನ್ನು ಪ್ಲಾಟರಿನ ಭಾಷೆಗೆ ತಿರುಗಿಸುವ ಪ್ರೋಗ್ರಾಮನ್ನು ತೆಗೆದು ಬೇರೆಯದು ಹಾಕಿದೆ. ಅದೂ ಆಗದೆ ಅರ್ಧ ಸಿಸ್ಟಮ್ಮನ್ನೇ ಮತ್ತೆ ಕೂರಿಸಿದೆ. ಕೈಯಿಂದ ಓಡಿಸಿದರೆ ಮಾರ್ಕರ್ ಚೆಂದವಾಗಿ ಬರುತ್ತದೆ, ಸರ್ವಿಸ್ ಓಡಿಸಿದರೆ ಮತ್ತದೇ ಹಾಡು. ನನ್ನ ಅಂಗಡಿಗೆ ಬಂದವರೆಲ್ಲ ಮುಚ್ಚಿದ ಬಾಗಿಲು ನೋಡಿ ವಾಪಸು ಹೋದರು. ಶನಿವಾರ ಮಧ್ಯಾಹ್ನ ಮಾಲೀಕರು ಪ್ಯಾಟರ್ನ್ ರೂಮಿನ ಬಾಗಿಲಲ್ಲಿ ನಿಂತು ಏನೂ ಕೇಳದೆ ಹೋದರು. ಕೇಳಿದ್ದರೇ ವಾಸಿಯಿತ್ತು.

ಕೊನೆಗೆ ಸೋತು, ಸ್ಕ್ರಿಪ್ಟನ್ನೇ ಅಕ್ಷರ ಅಕ್ಷರ ಬಿಡಿಸಿ ನೋಡೋಣ ಎಂದು od ಎಂಬ ಕಮಾಂಡು ಕೊಟ್ಟೆ. ಅದು ಫೈಲಿನೊಳಗೆ ನಿಜವಾಗಿ ಇರುವ ಬೈಟುಗಳನ್ನು ಬಿಚ್ಚಿ ತೋರಿಸುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲಿನ ಮೊದಲ ಎರಡು ಗುರುತು # ಮತ್ತು ! ಆಗಿರಬೇಕು, ಅದರ ಮುಂದೆ /bin/bash ಎಂದು ವಿಳಾಸ. ಫೈಲನ್ನು ತಾನಾಗಿ ಓಡಿಸುವಾಗ ಸಿಸ್ಟಮ್ಮು ಆ ಎರಡು ಗುರುತು ನೋಡಿ, ಇದನ್ನು ಯಾರ ಕೈಗೆ ಕೊಡಬೇಕೆಂದು ತಿಳಿದುಕೊಳ್ಳುತ್ತದೆ. ಕೈಯಿಂದ ಓಡಿಸುವಾಗ bash ಎಂದು ನಾವೇ ಹೇಳುವುದರಿಂದ ಆ ವಿಳಾಸ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಪರದೆಯ ಮೇಲೆ # ಇರಬೇಕಾದ ಜಾಗದಲ್ಲಿ 340 262 266 ಎಂದು, ಇಂಗ್ಲಿಷಿನದಲ್ಲದ ಯಾವುದೋ ಅಕ್ಷರದ ಬೈಟುಗಳಿದ್ದವು. ನಾನು ಬರೆದ ಸಾಲು ಒಂದು ಮೆಟ್ಟಿಲು ಕೆಳಗೆ ಇಳಿದಿತ್ತು.

ಇಷ್ಟು ದಿನ ಫೈಲು ತೆರೆದೇ ನೋಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹತ್ತಾರು ಸಲ ನೋಡಿದ್ದೆ. ಆ ಕರಿ ಪರದೆಗೆ ಕನ್ನಡ ಬಾರದು, ಆಕೆಯ ಟಿಪ್ಪಣಿಗಳೆಲ್ಲ ಅಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದವು. ಚೌಕ ಕಂಡ ಕಡೆಯೆಲ್ಲ ಟಿಪ್ಪಣಿ ಎಂದುಕೊಂಡು ಕಣ್ಣು ಮುಂದೆ ಹಾರಿಸಿದ್ದೆ. ಈಗ ಆಕೆ ಬಳಸುವ ಎಡಿಟರಿನಲ್ಲಿ ಫೈಲು ತೆರೆದೆ. ಎಲ್ಲಕ್ಕಿಂತ ಮೇಲೆ, ಹ್ಯಾಶ್ ಇಲ್ಲದೆ, ಒಂಟಿಯಾಗಿ 'ಶ್ರೀ' ಎಂದು ಬರೆದಿತ್ತು.

ಫೋನು ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು.

"ಬಂತಾ ಅಣ್ಣ ಮಾರ್ಕರ್ರು?"

"ಮಾರ್ಕರ್ ಇರ್ಲಿ ಬಿಡು. ಸ್ಕ್ರಿಪ್ಟಿನ ಮ್ಯಾಲ ಶ್ರೀ ಯಾಕ ಬರದೀಯವ್ವ?"

"ಮಾಸ್ಟರು ಪೇಪರ್ ಹಾಸಿದ ಮ್ಯಾಲೆ ಮೂಲೇಲಿ ಸೀಮೆಸುಣ್ಣದಾಗೆ ಶ್ರೀ ಬರ್ದೇ ಅಲ್ವಾ ಕತ್ರಿ ಹಾಕೋದು? ಅಂಗೇ ನಾನೂ ಬರ್ದೆ ಕಣಣ್ಣ. ನೀವು ಬರ್ದಿದ್ದು ಅಂಗೇ ಐತೆ, ಅದ್ರ ಮ್ಯಾಲೆ ಒಂದು ಸಾಲು ಸೇರ್ಸೀನಿ ಅಷ್ಟೆ."

"ಬರಿ, ಬ್ಯಾಡ ಅನ್ನಂಗಿಲ್ಲ. ಮುಂದ ಒಂದು ಹ್ಯಾಶ್ ಹಾಕಾಕ ಏನಾಗಿತ್ತು? ಉಳಿದಿದ್ದಕ್ಕೆಲ್ಲ ಹಾಕೀಯಲ್ಲ."

ಆಕೆ ಮೆಲ್ಲಗೆ ಹೇಳಿದಳು.

"ಹ್ಯಾಶ್ ಹಾಕುದ್ರೆ ಮಿಷಿನ್ನು ಓದಲ್ಲ ಅಂತ ನೀವೇ ಯೋಳಿದ್ರಿ. ಸೊಂಟದ ಅಳ್ತೆ, ತೊಡೆ ಅಳ್ತೆ ಅಂತ ಬರ್ಕೊಂಡಿರೋದು ಓದ್ದಿದ್ರೆ ಬಿಡ್ಲಿ. ಶ್ರೀನೂ ಓದ್ಬ್ಯಾಡ ಅಂತ ಎಂಗಣ್ಣ ಯೋಳೋದು?"

ಸೋತಾಗ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ನನಗಿಲ್ಲ. ವಾರದ ಸಿಟ್ಟೆಲ್ಲ ಬಾಯಿಗೆ ಬಂತು.

"ಓದತೈತವ್ವ, ದಿನಾ ಓದತೈತಿ. ಓದಿ, ಶ್ರೀ ಸಿಗಲಿಲ್ಲ ಅಂತ ಬರದು ಮುಂದಕ್ಕ ಹೋಗತೈತಿ."

ಸುಳ್ಳೇನಲ್ಲ. bash ಪ್ರತಿ ಸಾಲನ್ನೂ ಒಂದು ಕಮಾಂಡು ಎಂದೇ ತಿಳಿಯುತ್ತದೆ. ಶ್ರೀ ಎಂಬ ಕಮಾಂಡಿಗೆ ಹುಡುಕಾಡಿ, ಸಿಗಲಿಲ್ಲ ಎಂದು ಒಂದು ಸಾಲು ಬರೆದು ಮುಂದಿನ ಸಾಲಿಗೆ ಹೋಗುತ್ತದೆ. ಅದರ ಬೆನ್ನಿಗೇ ಪ್ಲಾಟರಿನ ಪ್ರೋಗ್ರಾಮು ಪುಟಗಟ್ಟಲೆ ಸಾಲು ಸುರಿಯುವುದರಿಂದ ಆ ತಕರಾರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಯಾರಿಗೆ ಹೇಳುತ್ತಿದ್ದೇನೆ ಎಂದು ನಾನು ಯೋಚಿಸಬೇಕಿತ್ತು.

"ಶ್ರೀ ಸಿಗ್ಲಿಲ್ಲ ಅಂತದಾ?" ಎಂದಳು. ಆಮೇಲೆ, "ದಿನಾನಾ ಅಣ್ಣ?"

ನನ್ನ ನಾಲಿಗೆ ಕಚ್ಚಿಕೊಂಡೆ. ಅದೆಲ್ಲ ಮಿಷಿನ್ನಿನ ಮಾತು, ಮನಸ್ಸಿಗೆ ಹಚ್ಚಿಕೋಬೇಡ ಎಂದು ಏನೇನೋ ತೇಪೆ ಹಾಕಿದೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ.

"ತೆಗ್ದುಬಿಡಿ ಅಣ್ಣ. ಕೆಲ್ಸ ಆಗ್ಬೇಕಲ್ಲ, ತೆಗ್ದಾಕ್ಬಿಡಿ" ಎಂದು ಫೋನಿಟ್ಟಳು.

ತೆಗೆಯುವುದು ಒಂದು ಗುಂಡಿ ಒತ್ತುವ ಕೆಲಸ. ಕರ್ಸರನ್ನು ಆ ಸಾಲಿನ ಮೇಲೆ ತಂದು ನಿಲ್ಲಿಸಿದೆ. ನಾನು ಅಂಥ ದೈವಭಕ್ತನೇನಲ್ಲ, ಹಬ್ಬಕ್ಕೊಮ್ಮೆ ಅಂಗಡಿಯ ಕಂಪ್ಯೂಟರಿಗೆ ಕುಂಕುಮ ಹಚ್ಚುವವನು. ಆದರೂ ಬೆರಳು ಬರಲಿಲ್ಲ. ಎರಡು ಕೂಸು ಕಳೆದುಕೊಂಡು, ಮೂರನೆಯದಕ್ಕೆ ಜೀವ ಅಂಗೈಯಲ್ಲಿ ಹಿಡಿದುಕೊಂಡು ಕೂತವಳು ಆಕೆ. ಅವಳ ಬಾಯಿಂದಲೇ ಅಳಿಸು ಎಂದು ಹೇಳಿಸಿದೆನಲ್ಲ. ಹ್ಯಾಶ್ ಹಾಕಿ ಕೆಳಗಿನ ಸಾಲಿಗೆ ಇಳಿಸಬಹುದಿತ್ತು. ಅದೂ ಬೇಡ ಎಂದೇ ತಾನೇ ಆಕೆ ಹೇಳಿದ್ದು?

ಸರ್ವಿಸ್ಸಿಗೆ, ನೀನೂ ನಮ್ಮ ಹಾಗೆ bash ಎಂದು ಹೆಸರು ಹಿಡಿದೇ ಓಡಿಸು ಎಂದು ಬರೆದೆ. ಆಗ ಮೊದಲ ಸಾಲಿನಲ್ಲಿ ವಿಳಾಸ ಇರಲೇಬೇಕೆಂಬ ಹಟ ಸಿಸ್ಟಮ್ಮಿಗೆ ಇರುವುದಿಲ್ಲ. ಸ್ಕ್ರಿಪ್ಟು ಓಡಿತು, ಮಾರ್ಕರ್ ಬಂತು. ಆದರೆ ಲಾಗಿನಲ್ಲಿ ಶ್ರೀ ಸಿಗಲಿಲ್ಲ ಎಂಬ ಸಾಲು ಹಾಗೇ ಇತ್ತು. ಇದನ್ನು ಬಿಟ್ಟು ಎದ್ದು ಹೋಗಬಹುದಿತ್ತು, ಕೆಲಸವಂತೂ ಆಗಿತ್ತು. ಎದ್ದು ಬಾಗಿಲ ತನಕ ಹೋದವನು ವಾಪಸು ಬಂದು ಕೂತೆ. ಸಿಗಲಿಲ್ಲ ಎನ್ನುತ್ತದಲ್ಲ, ಸಿಗುವ ಹಾಗೆ ಮಾಡಿದರಾಯಿತು. ಶ್ರೀ ಎಂಬ ಹೆಸರಿನ ಕಮಾಂಡೇ ಒಂದಿದ್ದರೆ?

ಲಿನಕ್ಸು ಹೆಸರಿನ ವಿಷಯದಲ್ಲಿ ಉದಾರಿ, ಕನ್ನಡವಾದರೂ ತಕರಾರಿಲ್ಲ. ಕಮಾಂಡುಗಳನ್ನು ಹುಡುಕುವ ಜಾಗಗಳಲ್ಲಿ ಒಂದಾದ /usr/local/bin ಒಳಗೆ ಶ್ರೀ ಎಂದೇ ಒಂದು ಸಣ್ಣ ಫೈಲು ಮಾಡಿದೆ. ಏನೂ ಮಾಡದೆ ಸುಮ್ಮನೆ ಮುಗಿಯುವಂತೆ ಬರೆದರೂ ಸಾಕಿತ್ತು. ಆದರೆ ಕೆಲಸಕ್ಕೆ ಮುಂಚೆ ಬರೆಯುವ ಅಕ್ಷರ, ಅದಕ್ಕೊಂದು ಕೆಲಸವಿರಲಿ ಅನ್ನಿಸಿತು. ರಾಯದುರ್ಗದಲ್ಲಿ ಕರೆಂಟು ಹೋಗಿ ಬರುವುದು ಹೊಸದಲ್ಲ. ಕಂಪ್ಯೂಟರಿಗೆ ಬ್ಯಾಟರಿ ಇದೆ, ಪ್ಲಾಟರಿಗೆ ಇಲ್ಲ, ಕರೆಂಟು ಬಂದ ಮೇಲೂ ಯಾರಾದರೂ ಸ್ವಿಚ್ಚು ಒತ್ತಬೇಕು. ಅದಕ್ಕೇ ಶ್ರೀ ಎಂದರೆ ಪ್ಲಾಟರನ್ನು ಒಮ್ಮೆ ಕರೆದು ನೋಡು, ಓಗೊಡದಿದ್ದರೆ ಓಗೊಡುವವರೆಗೂ ಕಾಯಿ ಎಂದು ಬರೆದೆ. ಮತ್ತೊಮ್ಮೆ ಓಡಿಸಿದೆ. ಲಾಗಿನಲ್ಲಿ ಸಿಗಲಿಲ್ಲ ಎಂಬ ಮಾತೇ ಇರಲಿಲ್ಲ. ಆಕೆಗೆ ತಿಳಿಸಲು ಫೋನು ಮಾಡಿದರೆ ಸಿಗ್ನಲ್ ಸಿಗಲಿಲ್ಲ.

ಸೋಮವಾರ ಬಳ್ಳಾರಿಯ ಹೆಣ್ಣುಮಗಳು ನನಗಿಂತ ಮುಂಚೆ ಬಂದು ಆ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಸರ್ಟಿಫಿಕೇಟುಗಳ ಫೈಲು, ಕಾಲ ಹತ್ತಿರ ಊಟದ ಡಬ್ಬಿ. ಅವಳನ್ನು ನೋಡಿ ಮರುಕವೇ ಆಯಿತು, ಅವಳಿಗೂ ಮನೆಯಲ್ಲಿ ಕಾಯುವವರಿರುತ್ತಾರೆ. ಮಾಲೀಕರು ಬಂದು ನಿಂತರು, ಕಟಿಂಗ್ ಮಾಸ್ಟರ್ ಕೈಕಟ್ಟಿ ಬಾಗಿಲಿಗೆ ಒರಗಿದರು. ರತ್ನಗಿರಿಯಿಂದ ಫೈಲು ನಿಂತು ನಿಂತು ಬಂದು ಇಳಿಯಿತು. ಎಲ್ಲರೂ ಪ್ಲಾಟರ್ ಕಡೆ ನೋಡಿದೆವು. ಅದು ಸುಮ್ಮನಿತ್ತು.

"ಎಲ್ರಿ ಪೇಪರು?" ಎಂದರು ಮಾಲೀಕರು.

ಸರ್ವಿಸ್ಸಿನ ಸ್ಥಿತಿ ಏನಿದೆ ಎಂದು ಕಮಾಂಡು ಕೊಟ್ಟು ನೋಡಿದೆ. ತಪ್ಪು ತೋರಿಸುವ ಕೆಂಪು ಸಾಲು ಇರಲಿಲ್ಲ, ಓಡುತ್ತಲೇ ಇತ್ತು. ಒಳಗೆ ಚೌಕಗಳ ಹೆಸರಿನ ಒಂದು ಪ್ರೋಗ್ರಾಮು, ಅದರ ಕೆಳಗೆ ಕಾಯಿಸುವ ಕಮಾಂಡು sleep. ಈ ಸಲ ಚೌಕಗಳ ಮೇಲೆ ಕಣ್ಣು ಹಾರಿಸಲಿಲ್ಲ. ಅದು ಶ್ರೀ, ಕಾಯುತ್ತಾ ಕೂತಿತ್ತು.

"ಮಾಸ್ಟರ್ರ, ಬೆಳಿಗ್ಗಿ ಕರೆಂಟ್ ಹೋಗಿತ್ತೇನ್ರಿ?"

"ಹೌದ್ರಿ, ಹೋಗಿ ಬಂತ್ರಿ. ಯಾಕ್ರಿ?"

"ಪ್ಲಾಟರ್ ಸ್ವಿಚ್ ಒತ್ತೀರೇನು?"

"ಯಾರೂ ಮುಟ್ಟಬಾರ್ದು ಅಂದಿದ್ರಲ್ರಿ ಸಾವ್ಕಾರ್ರು" ಎಂದು ಮಾಸ್ಟರ್ ಮಾಲೀಕರ ಮುಖ ನೋಡಿದರು. ಮಾಲೀಕರು ನಗು ತಡೆದುಕೊಂಡು, "ಸ್ವಿಚ್ ಒತ್ತಾಕ ಅಡ್ಡಿ ಇಲ್ಲೋ ಮಾರಾಯ" ಎಂದರು.

ಮಾಸ್ಟರ್ ಹೋಗಿ ಒತ್ತಿದರು. ಪ್ಲಾಟರ್ ಗುಂಯ್‌ಗುಟ್ಟಿ, ತಲೆಯನ್ನು ಅತ್ತಿಂದಿತ್ತ ಆಡಿಸಿ ನಿಂತಿತು. ಯಾರೂ ಕಂಪ್ಯೂಟರ್ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಕಾಗದ ಸರಕ್ಕನೆ ಜರುಗಿತು, ಮೊದಲ ಗೆರೆ ಬಿತ್ತು. ಒಂದು ಕಾಲು ಬಂತು, ಎರಡನೆಯ ಕಾಲೂ ಪೂರ್ತಿ ಬಂತು, ಪಟ್ಟಿ, ಜೇಬು ಎಲ್ಲ ಬಂದವು. ಮಾಸ್ಟರ್ ಟೇಪು ತೆಗೆದು ಸೊಂಟ ಅಳೆದರು, ತೊಡೆ ಅಳೆದರು, ಕಾಗದ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಕಟಿಂಗಿಗೆ ಹೋಗ್ತೀನ್ರಿ" ಎಂದರು. ಅವರ ಕಡೆಯಿಂದ ಬರುವ ಶಹಬ್ಬಾಸ್‌ಗಿರಿ ಅಷ್ಟೇ.

ಮಾಲೀಕರು ಬಳ್ಳಾರಿಯವಳ ಕಡೆ ತಿರುಗಿದರು. ಮನುಷ್ಯನಿಗೆ ಸಂಕೋಚವಾಗಿತ್ತು.

"ತಪ್ಪು ತಿಳ್ಕೋಬ್ಯಾಡವ್ವ. ಕುರ್ಚಿ ಖಾಲಿ ಐತಿ, ಕೆಲ್ಸ ಖಾಲಿ ಇಲ್ಲ. ಪಕ್ಕದ ಬೀದಿ ಯೂನಿಟ್ಟಿನಾಗ ಪ್ಯಾಟರ್ನಿಗೆ ಜನ ಹುಡುಕ್ಯಾಡಕತ್ತಾರ, ನಾನೇ ಕರ್ಕೊಂಡು ಹೋಗ್ತೀನಿ, ನಡಿ."

ಅವರಿಬ್ಬರೂ ಹೋದ ಮೇಲೆ ಫೋನು ಹಚ್ಚಿದೆ. ಈ ಸಲ ಸಿಕ್ಕಿತು. ಮಾರ್ಕರ್ ಬಂತು, ನಿನ್ನ ಕೆಲಸ ನಿನಗೇ ಎಂದೆ. ಶ್ರೀ ತೆಗೆದಿಲ್ಲ, ಮಿಷಿನ್ನು ಈಗ ಮೊದಲು ಅದನ್ನೇ ಓದಿ, ಅದು ಹೂಂ ಅಂದ ಮೇಲೆಯೇ ಮುಂದಕ್ಕೆ ಹೋಗುತ್ತದೆ ಎಂದೂ ಹೇಳಿದೆ. ಮತ್ತೆ ಸಿಗ್ನಲ್ ಹೋಯಿತೇನೋ ಎಂದು ಹಲೋ ಹಲೋ ಎನ್ನುತ್ತಿದ್ದೆ. ಸಿಗ್ನಲ್ ಇತ್ತು, ಆಕೆ ಅಳುತ್ತಿದ್ದಳು.

ಅಷ್ಟರಲ್ಲಿ ಮಾಸ್ಟರ್ ಒಂದು ತುಂಡು ನೀಲಿ ಡೆನಿಮ್ ಹಿಡಿದು ಬಂದರು. ಅದನ್ನು ಕೊಡವಿ ಆಕೆಯ ಕುರ್ಚಿಯ ಮೇಲೆ ಹೊದಿಸಿ, ನಾಲ್ಕು ಕಡೆಯೂ ಎಳೆದು ಸರಿಮಾಡಿದರು. ಆಮೇಲೆ ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಅಳಬ್ಯಾಡ ಮಗಳ. ನಿನ್ನ ಕುರ್ಚಿಗಿ ಧೂಳ ಕೂಡಬಾರ್ದು ಅಂತ ಬಟ್ಟಿ ಹೊಚ್ಚೀನಿ. ನಿಧಾನಕ್ಕ ಬಾ, ಕೂಸಿನ್ನ ಎತ್ಕೊಂಡೇ ಬಾ."